ಏಳನೆಯ ಹಾಳೆ

ಮಂಗಳವಾರ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಗಂಡ ಮೇಜಿನ ಖಾನೆಯನ್ನು ಹೆಂಡತಿಯ ಬಲಗೈ ಮೇಲೆ ದಬ್ಬಿ ಮುಚ್ಚಿದ. ಮುಚ್ಚಿದವನು ಸೊಂಟ ಕೊಟ್ಟು ಒತ್ತಿ ನಿಂತ.

"ಹೇಳು. ನನ್ನ ನೋಟ್ಸ್ ಕೊಟ್ಟೆಯೋ ಇಲ್ವೋ?"

"ಕೈ ಬಿಡಿ ಮೊದಲು."

"ಕೊಟ್ಟೆಯಾ ಅಂತ ಕೇಳ್ದೆ."

"ಇಲ್ಲ ಅಂತ ಎಷ್ಟು ಸಲ ಹೇಳ್ಲಿ? ಭಿನ್ನರಾಶಿ ಲೆಕ್ಕ ಮಾಡಿದ್ದು ನಮ್ಮ ಟೀಚರ್ಸ್ ಗುಂಪಿನ ಇಬ್ಬರು ಮೇಷ್ಟ್ರು. ನಿಮ್ಮ ನೋಟ್ಸಲ್ಲ ಅದು."

"ಗುಂಪಂತೆ ಗುಂಪು!"

ಅವನು ಇನ್ನೊಮ್ಮೆ ಒತ್ತಿದ. ಸಣ್ಣ ಸದ್ದು ಬಂತು. ಅವಳು ಕೂಗಲಿಲ್ಲ, ಮಂಡಿಯೂರಿದಳು.

ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿತ್ತು. ಅತ್ತೆ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ಆಮೇಲೆ ಬಂದರು. "ಸಾಕು ಬಿಡೋ. ಏಳೂವರೆಗೆ ಹುಡುಗರು ಬರ್ತಾರೆ."

ಅವನು ಬಿಟ್ಟ. ಕೂದಲು ಬಾಚಿಕೊಂಡು, ಅಂಗಿಯ ತೋಳು ಮಡಿಸಿಕೊಂಡು, ಮುಂದಿನ ಕೋಣೆಗೆ ಹೋದ.

ಆ ಮುಂದಿನ ಕೋಣೆಯೇ ಟ್ಯೂಷನ್. ಓಣಿಯವರಿಗೆ ಅವನು ಲೆಕ್ಕದ ಮೇಷ್ಟ್ರು. ಹದಿನಾಲ್ಕು ವರ್ಷಗಳಲ್ಲಿ ಟ್ಯೂಷನ್ ಹುಡುಗರ ಮೇಲೆ ಒಮ್ಮೆಯೂ ಕೈ ಎತ್ತಿದವನಲ್ಲ. ಒಂದೇ ಲೆಕ್ಕವನ್ನು ನಾಲ್ಕು ಸಲ ಕೇಳಿದರೂ ನಾಲ್ಕನೆಯ ಸಲ ಮೊದಲನೆಯ ಸಲದಷ್ಟೇ ನಿಧಾನವಾಗಿ ಹೇಳುತ್ತಿದ್ದ. ತಾಯಂದಿರು ಇದನ್ನು ಹೊಗಳುತ್ತಿದ್ದರು.

ಅತ್ತೆ ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಮನೆ ಅವರ ದುಡಿಮೆಯದು, ಒಂದೇ ಅಂತಸ್ತಿನದು. ಅವರು ಸೊಸೆಯನ್ನು ಕಿಟಕಿಯ ಬೆಳಕಿಗೆ ಕೂರಿಸಿ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿದರು.

"ಮಡಿಸು. ಆಗಲ್ವಾ? ಹೂಂ. ಉಂಗುರದ ಬೆರಳು ಮುರಿದಿದೆ. ನಡುವಿನದು ಬರೀ ಜಜ್ಜಿದೆ." ತಮ್ಮ ಡಬ್ಬಿಯಿಂದ ನಾಲಿಗೆ ಒತ್ತಿ ನೋಡುವ ಮರದ ಕಡ್ಡಿಯೊಂದನ್ನು ತೆಗೆದು, ಬೆರಳಿಗೆ ಆಸರೆಯಾಗಿಟ್ಟು ಬಟ್ಟೆ ಸುತ್ತತೊಡಗಿದರು.

"ಆಸ್ಪತ್ರೆಗೆ ಹೋಗ್ಬೇಕೇನೋ ಅತ್ತೆ."

"ಹೋದ್ರೆ ಪುಸ್ತಕದಲ್ಲಿ ಬರೀತಾರೆ. ಯಾಕೆ ಬೇಕು? ನಾನಿದೀನಲ್ಲ."

"ಸ್ಕೂಲಲ್ಲಿ ಕೇಳ್ತಾರೆ."

"ಖಾನೆಗೆ ಸಿಕ್ಕಿತು ಅನ್ನು. ಪೂರ್ತಿ ಸುಳ್ಳೇನಲ್ಲ."

ಹದಿಮೂರು ವರ್ಷದ ಮಗಳು ಶೂ ಲೇಸ್ ಕಟ್ಟಿಕೊಳ್ಳುತ್ತ ಬಾಗಿಲಲ್ಲಿ ಕೂತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದರು. ಅವಳು ಒಂದು ಲೇಸನ್ನು ಮೂರು ಸಲ ಕಟ್ಟಿ ಮೂರು ಸಲ ಬಿಚ್ಚಿದಳು.

*

ಗುಂಪಿನ ಹೆಸರು 'ಅದಲುಬದಲು'. ಮೊಬೈಲಿನಲ್ಲಿ ಇನ್ನೂರ ಹದಿನಾಲ್ಕು ಶಿಕ್ಷಕರು. ಹೆಚ್ಚಿನವರು ಒಬ್ಬರನ್ನೊಬ್ಬರು ನೋಡಿದವರಲ್ಲ. ಪಾಠ ಹೇಗೆ ಮಾಡಿದೆ, ಎಲ್ಲಿ ಎಡವಿದೆ ಎಂದು ಬರೆಯುತ್ತಿದ್ದರು. ಒಬ್ಬರು ಮಾಡಿದ ಪ್ರಶ್ನೆಪತ್ರಿಕೆಯನ್ನು ಇನ್ನೊಬ್ಬರು ತಿದ್ದಿ ಬಳಸುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರೂ ಒಂದೇ ವಿಷಯದ ಮೇಲೆ ಮಕ್ಕಳಿಂದ ಪ್ರಬಂಧ ಬರೆಸಿ, ಹನ್ನೆರಡು ಹಾಳೆಗಳ ಹೆಸರು ಮುಚ್ಚಿ, ಫೋಟೊ ತೆಗೆದು ಗುಂಪಿಗೆ ಹಾಕಬೇಕು. ಬೇರೆ ಶಾಲೆಯ ಐವರು ತಿದ್ದಿ ಅಂಕ ಕೊಡುತ್ತಾರೆ. ತನ್ನ ಮಕ್ಕಳಿಗೆ ತಾನು ಕೈಬಿಚ್ಚಿ ಅಂಕ ಕೊಡುತ್ತಿದ್ದೇನೆಯೇ, ಕೈ ಬಿಗಿ ಹಿಡಿಯುತ್ತಿದ್ದೇನೆಯೇ ಎಂದು ಆಗ ಗೊತ್ತಾಗುತ್ತದೆ.

ಹೆಂಡತಿ, ಶಾಲೆಯವರಿಗೆಲ್ಲ ಟೀಚರ್, ಎಂಟನೇ ತರಗತಿಗೆ ಭಾಷೆ ಕಲಿಸುತ್ತಿದ್ದಳು. ಗುಂಪು ಕಟ್ಟಿದ ಮೂವರಲ್ಲಿ ಒಬ್ಬಳು. ನಿಯಮಗಳನ್ನು ಬರೆದವಳೂ ಅವಳೇ. ಆರನೆಯ ನಿಯಮ ಹೀಗಿತ್ತು: 'ಮಗುವಿನ ಬರಹದಲ್ಲಿ ಮನೆಯ ಹೊಡೆತ ಕಂಡರೆ, ಹಾಳೆ ಹಾಕಿದ ಶಿಕ್ಷಕರು ಮಾರನೆಯ ದಿನ ಸಂಜೆಯೊಳಗೆ ತಮ್ಮ ಶಾಲೆಯ ಮುಖ್ಯಸ್ಥರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಸಿದ್ದನ್ನು ಗುಂಪಿಗೆ ಹೇಳಬೇಕು. ಹೆಸರು ಹೇಳಬಾರದು.' ಎರಡು ವರ್ಷಗಳಲ್ಲಿ ಈ ನಿಯಮದಂತೆ ಒಂಬತ್ತು ಮಕ್ಕಳ ವಿಷಯ ಹೊರಗೆ ಬಂದಿತ್ತು.

ಗಂಡನಿಗೂ ಒಂದು ಕಾಲದಲ್ಲಿ ಗುಂಪಿನ ಮೇಲೆ ಸಿಟ್ಟಿರಲಿಲ್ಲ. ಅವನ ನೋಟ್ಸಿನ ಒಂದು ಪುಟವನ್ನು ಅವಳು ಅವನ ಹೆಸರು ಹಾಕಿಯೇ ಹಂಚಿದಾಗ ಅರವತ್ತು ಜನ ಹೆಬ್ಬೆರಳು ಎತ್ತಿದ್ದರು. ಅವನು ಅದನ್ನು ಅಮ್ಮನಿಗೂ ತೋರಿಸಿದ್ದ. ಆಮೇಲೆ ಗುಂಪಿನ ಗಣಿತದವರು ಸೇರಿ ಪುಕ್ಕಟೆ ಲೆಕ್ಕಗಳ ಕಟ್ಟು ಮಾಡತೊಡಗಿದರು. ಶಾಲೆಗಳು ಅದನ್ನೇ ಕೊಟ್ಟವು. ಟ್ಯೂಷನ್ನಿನಿಂದ ಏಳು ಹುಡುಗರು ಬಿಟ್ಟರು. ಮನೆಯಿಂದಲೇ ಕನ್ನ ಬಿದ್ದಿದೆ ಎಂದು ಅವನಿಗೆ ಖಾತ್ರಿಯಾಯಿತು.

ಬೆರಳು ಮುರಿದ ದಿನದಿಂದ ಅವನು ಹೊಸ ಕಟ್ಟಳೆ ತಂದ. ಸಂಜೆ ಐದರಿಂದ ಎಂಟೂವರೆ ತನಕ ಹೆಂಡತಿಯ ಮೊಬೈಲು ಟ್ಯೂಷನ್ ಕೋಣೆಯ ಬೀರುವಿನಲ್ಲಿರಬೇಕು. ಬೀಗದ ಸಂಖ್ಯೆ ಅವನಿಗೆ ಗೊತ್ತಿತ್ತು. ಬದಲಿಸಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮರುವಾರ ಊಟದ ಹೊತ್ತಿಗೆ ಮತ್ತೆ ಕಿಡಿ ಹತ್ತಿತು. ಟೀಚರ್ ಎಡಗೈಯಿಂದ ಬಡಿಸುತ್ತಿದ್ದಳು. ಸೌಟು ವಾಲಿ ಆಲೂಗಡ್ಡೆ ಪಲ್ಯ ಅವನ ತಟ್ಟೆಯ ಅಂಚಿಗೆ ಬಿತ್ತು.

"ಇನ್ನೂರು ಜನಕ್ಕೆ ಪಾಠ ಹೇಳೋಳಿಗೆ ಗಂಡನ ತಟ್ಟೆ ಕಾಣಲ್ಲ."

"ಬೆರಳು ಮಡಿಸೋಕಾಗಲ್ಲ."

"ಬೆರಳು, ಬೆರಳು! ಇವತ್ತಿಗೆ ಒಂಬತ್ತು ದಿನ ಆಯ್ತು. ನಾಟಕ ಸಾಕು."

"ಒಂಬತ್ತು ದಿನಕ್ಕೆ ಮೂಳೆ ಕೂಡಲ್ಲ ಕಣೋ," ಎಂದರು ಅತ್ತೆ. "ಲೆಕ್ಕದ ಮೇಷ್ಟ್ರಿಗೆ ಇಷ್ಟೂ ಗೊತ್ತಿಲ್ವಾ? ಆರು ವಾರ."

ತಮಾಷೆಗೆ ಹೇಳಿದ್ದು. ಅವನು ನಗಲಿಲ್ಲ. ತಟ್ಟೆಯನ್ನು ಎತ್ತಿ ಹೆಂಡತಿಯ ಎದೆಗೆ ಬೀಸಿದ. ಅಂಚು ಕುತ್ತಿಗೆಯ ಬುಡಕ್ಕೆ ತಗುಲಿ ಎರಡು ಅಂಗುಲ ಚರ್ಮ ಸೀಳಿತು. ಅವನು ಎದ್ದು ಬರುವಷ್ಟರಲ್ಲಿ ಅವಳು ಬಚ್ಚಲುಮನೆಗೆ ಓಡಿ ಚಿಲಕ ಹಾಕಿಕೊಂಡಳು. ಅವನು ಭುಜ ಕೊಟ್ಟು ತಳ್ಳತೊಡಗಿದ. ಚೂಟಿ ಊಟ ಬಿಡಲಿಲ್ಲ. ತುಟಿ ಅಲುಗಿಸುತ್ತ ಎಣಿಸುತ್ತಿದ್ದಳು. ಒಂಬತ್ತನೆಯದಕ್ಕೆ ಚಿಲಕ ಕಿತ್ತು ಬಂತು.

ಮಾರನೆಯ ದಿನ ಬಡಗಿ ಬಂದ. "ಏನ್ ಮೇಷ್ಟ್ರೇ, ಮತ್ತೆ ಇದೇನಾ? ಮರ ಕೊಳೆಸೋ ಎಂಥ ನೀರು ನಿಮ್ಮನೇದು!" ಎಂದು ನಕ್ಕು, ಅದೇ ಎರಡು ಅಂಗುಲದ ಸ್ಕ್ರೂಗಳನ್ನು ಹೊಸ ಜಾಗಕ್ಕೆ ತಿರುಗಿಸಿ ಹೋದ.

*

ಆ ತಿಂಗಳು ಗುಂಪು ಆರಿಸಿದ ವಿಷಯ: 'ನಮ್ಮ ಮನೆಯಲ್ಲಿ ರಿಪೇರಿ ಆಗಬೇಕಾದ ಒಂದು ವಸ್ತು'. ಸೋಮವಾರ ಟೀಚರ್ ತನ್ನ ತರಗತಿಯಲ್ಲಿ ಬರೆಸಿದಳು. ಚೂಟಿಯೂ ಅದೇ ತರಗತಿ. ಆದರೆ ತನ್ನ ಮಗುವಿನ ಹಾಳೆಯನ್ನು ಯಾರೂ ಗುಂಪಿಗೆ ಹಾಕುವಂತಿಲ್ಲ. ಅದೂ ಅವಳೇ ಬರೆದ ನಿಯಮ.

ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಟೀಚರ್ ಹನ್ನೆರಡು ಹಾಳೆಗಳನ್ನು ಆರಿಸಿ ಮಗಳ ಕೈಗೆ ಕೊಟ್ಟಳು. ಮೊಬೈಲನ್ನು ಅಲುಗದಂತೆ ಹಿಡಿಯಲು ಅವಳ ಬಲಗೈಗೆ ಆಗುತ್ತಿರಲಿಲ್ಲ.

"ಹೆಸರಿನ ಮೇಲೆ ಚೀಟಿ ಇಟ್ಟು ಕ್ಲಿಪ್ ಹಾಕು. ನೆರಳು ಬೀಳ್ಬಾರ್ದು."

"ಗೊತ್ತಮ್ಮ."

ಚೂಟಿ ಕಿಟಕಿಯ ಹತ್ತಿರ ಹಾಳೆಗಳನ್ನು ಸಾಲಾಗಿ ಹರಡಿದಳು. ಏಳನೆಯದನ್ನು ಎತ್ತಿ ಕೆಳಗಿಟ್ಟು, ಚೀಲದಿಂದ ಬೇರೆ ಹಾಳೆ ತೆಗೆದು, ಚೀಟಿ ಇಟ್ಟು, ಕ್ಲಿಪ್ ಹಾಕಿ ಫೋಟೊ ತೆಗೆದಳು.

ಟೀಚರ್ ಓದದೆ ಯಾವ ಹಾಳೆಯನ್ನೂ ಗುಂಪಿಗೆ ಕಳಿಸಿದವಳಲ್ಲ. ಅಂದು ಬೆರಳು ಮಿಡಿಯುತ್ತಿತ್ತು, ಗಂಟೆ ಹೊಡೆಯುವುದರಲ್ಲಿತ್ತು. ಹನ್ನೆರಡನ್ನೂ ಒಟ್ಟಿಗೆ ಕಳಿಸಿದಳು.

ಗುರುವಾರ ಮಧ್ಯಾಹ್ನ ಮೊಬೈಲು ತೆರೆದರೆ ಏಳನೆಯ ಹಾಳೆಯ ಕೆಳಗೆ ನಲವತ್ತಮೂರು ಪ್ರತಿಕ್ರಿಯೆಗಳಿದ್ದವು. ಮೊದಲನೆಯದು ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಷ್ಟ್ರದು: 'ಇಪ್ಪತ್ತಕ್ಕೆ ಹದಿನೆಂಟು. ಅಳತೆ, ವಿವರ ಅಚ್ಚುಕಟ್ಟು. ಮುಕ್ತಾಯವಿಲ್ಲ, ಆದ್ದರಿಂದ ಎರಡು ಅಂಕ ಕಡಿತ.' ಅದರ ಕೆಳಗೆ ವಿಜ್ಞಾನದ ಅಕ್ಕ: 'ಅಂಕ ಕೊಡೋ ಹಾಳೆನಾ ಇದು? ಓದಿದೀಯಾ ನೀನು?'

ಟೀಚರ್ ಹಾಳೆಯನ್ನು ದೊಡ್ಡದು ಮಾಡಿದಳು. ಅಕ್ಷರ ಕಂಡ ಕೂಡಲೇ ಯಾರದೆಂದು ತಿಳಿಯಿತು. ಆ 'ಳ'ದ ಬಾಲವನ್ನು ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ಅವಳೇ.

'ನಮ್ಮ ಮನೆಯಲ್ಲಿ ರಿಪೇರಿ ಆಗಬೇಕಾದ ವಸ್ತು ಬಚ್ಚಲುಮನೆಯ ಚಿಲಕ. ಇದು ಒಳಗಡೆ ಇದೆ. ಇದನ್ನು ಹೆಚ್ಚಾಗಿ ಬಳಸುವವರು ಅಮ್ಮ. ಮೊದಲನೆಯ ಸಲ ಇದು ಕಿತ್ತುಬಂದಾಗ ನಾನು ಐದನೇ ತರಗತಿಯಲ್ಲಿದ್ದೆ. ಬಡಗಿ ಅರ್ಧ ಅಂಗುಲದ ಸ್ಕ್ರೂ ತೆಗೆದು ಒಂದು ಅಂಗುಲದ್ದು ಹಾಕಿದರು. ಎರಡನೆಯ ಸಲ ಒಂದೂವರೆ. ಮೂರನೆಯ ಸಲ ಎರಡು. ನೀರು ಬಿದ್ದು ಮರ ಕೊಳೆತಿದೆ ಎಂದು ಅಪ್ಪ ಹೇಳಿದರು. ಮರ ಕೊಳೆತಿಲ್ಲ. ನಾನು ಕಂಪಾಸಿನಿಂದ ಕೆರೆದು ನೋಡಿದ್ದೇನೆ. ಅಪ್ಪ ಹೊರಗಿನಿಂದ ಭುಜದಿಂದ ತಳ್ಳುತ್ತಾರೆ. ಮೊದಲು ಐದು ಸಲ ತಳ್ಳಿದರೆ ಚಿಲಕ ಬರುತ್ತಿತ್ತು. ಎರಡು ಅಂಗುಲದ್ದು ಹಾಕಿದ ಮೇಲೆ ಒಂಬತ್ತು ಬೇಕಾಯಿತು. ಆದ್ದರಿಂದ ಉದ್ದದ ಸ್ಕ್ರೂ ಒಳ್ಳೆಯದು. ಆದರೆ ಚೌಕಟ್ಟಿನ ದಪ್ಪ ಎರಡೂಕಾಲು ಅಂಗುಲ ಮಾತ್ರ. ಇನ್ನೂ ಉದ್ದದ್ದು ಹಾಕಿದರೆ ಆಚೆ ಬರುತ್ತದೆ.'

ಅಷ್ಟೇ. ಮುಕ್ತಾಯವಿರಲಿಲ್ಲ.

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ಭೂಗೋಳದ ಮೇಷ್ಟ್ರು. ಟೈಪ್ ಮಾಡಲು ಬೇಸರವೆಂದು ಯಾವಾಗಲೂ ಮಾತನ್ನೇ ಧ್ವನಿಯಾಗಿ ಕಳಿಸುವವರು. ಅವರು ಹೇಳಿದ್ದರು: "ಟೀಚರಮ್ಮಾ, ಏಳನೇ ಹಾಳೆ ನಿಮ್ಮ ಕ್ಲಾಸಿಂದು. ಆರನೇ ನಿಯಮ. ನಾಳೆ ಸಂಜೆವರೆಗೆ ಟೈಮಿದೆ."

ಅವಳು ಎಡಗೈ ಹೆಬ್ಬೆರಳಿನಿಂದ ಒತ್ತಿದಳು: 'ವಿಚಾರಿಸುತ್ತಿದ್ದೇನೆ.'

ಮನೆಗೆ ನಡೆಯುವಾಗ ಮಗಳನ್ನು ಕೇಳಿದಳು. "ಯಾಕೆ ಹಾಗೆ ಮಾಡ್ದೆ?"

"ಏನು?"

"ಚೂಟಿ."

"ಹೆಸರು ಮುಚ್ಚಿದ್ನಲ್ಲ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲೇ!"

"ನಿಂಗೆ ಮೊದಲೇ ಗೊತ್ತಿತ್ತು." ಚೂಟಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ಬೇರೆಯವರ ಮನೆ ಹುಡುಗಿ ಆಗಿದ್ರೆ ಬರೆದುಕೊಡ್ತಿದ್ದೆ ಅಲ್ವಾ? ಹೋದ ವರ್ಷ ಆ ಹುಡುಗನದ್ದು ಬರೆದುಕೊಟ್ಟೆ. ಅವನ ಬೆನ್ನಲ್ಲಿ ಬರೀ ಎರಡು ಬಾಸುಂಡೆ ಇತ್ತು."

ಬೇಕರಿಯ ಮುಂದೆ ಬಂದಾಗ ಟೀಚರ್ "ಬ್ರೆಡ್ ತಗೋಬೇಕು" ಎಂದಳು.

ಅಂದು ಸಂಜೆ ಬಟ್ಟೆ ಮಡಿಸುವಾಗ ಅತ್ತೆಗೆ ಎಲ್ಲವನ್ನೂ ಹೇಳಿದಳು. ಅತ್ತೆ ದಿಂಬಿನ ಚೀಲವೊಂದನ್ನು ಸುಕ್ಕಿಲ್ಲದಂತೆ ಒತ್ತಿ ಒತ್ತಿ ಮಡಿಸಿದರು.

"ಬರೆದುಕೊಟ್ರೆ ಏನಾಗುತ್ತೆ?"

"ಹೆಡ್‌ಮೇಡಂ ಮಕ್ಕಳ ರಕ್ಷಣೆಯವರಿಗೆ ಕಳಿಸ್ತಾರೆ. ಅವರು ಪೊಲೀಸಿಗೆ ಹೇಳ್ತಾರೆ."

"ಟ್ಯೂಷನ್ನು?"

"ಮುಚ್ಚುತ್ತೆ."

"ಅವನು ಮಗು ಮೇಲೆ ಇವತ್ತಿನವರೆಗೆ ಕೈ ಮಾಡಿಲ್ಲ," ಎಂದರು ಅತ್ತೆ. "ಅದು ಪ್ರಬಂಧ ತಾನೆ. ಮಕ್ಕಳು ಕಥೆ ಕಟ್ತಾರೆ ಅಂತ ಹಾಕಿಬಿಡು. ನಿನ್ನ ಗುಂಪಿನವರು ಬಂದು ನೋಡ್ತಾರಾ?"

"ಅವಳು ಕಟ್ಟಿಲ್ಲ ಅತ್ತೆ."

"ನಂಗೊತ್ತಿಲ್ವೇನೇ? ಸ್ಕ್ರೂ ಕೊಂಡು ತಂದಿದ್ದು ನಾನೇ."

*

ಶುಕ್ರವಾರ ಟೀಚರ್ ಎರಡು ಸಲ ಹೆಡ್‌ಮೇಡಂ ಕೋಣೆಯ ಬಾಗಿಲ ತನಕ ಹೋಗಿ ಬಂದಳು. ಮೊದಲ ಸಲ ಒಳಗೆ ಯಾರೋ ಇದ್ದರು. ಎರಡನೆಯ ಸಲ ಹೆಡ್‌ಮೇಡಂ ಒಬ್ಬರೇ ಇದ್ದರು. ಐದು ಗಂಟೆಗೆ ಮನೆಗೆ ಬಂದು ಮೊಬೈಲನ್ನು ಗಂಡನ ಕೈಗೆ ಕೊಟ್ಟಳು.

ಆರೂ ಇಪ್ಪತ್ತಕ್ಕೆ ಟ್ಯೂಷನ್ನಿನಲ್ಲಿ ಹತ್ತೊಂಬತ್ತು ಮಕ್ಕಳು ಲೆಕ್ಕ ಮಾಡುತ್ತಿದ್ದರು. ಬೀರುವಿನಲ್ಲಿ ಮೊಬೈಲು ನಾಲ್ಕನೆಯ ಸಲ ಗುಂಯ್‌ಗುಟ್ಟಿತು. ಅವನು ತೆಗೆದು, ಬೀಗದ ಸಂಖ್ಯೆ ಒತ್ತಿ, ಮೇಲಿದ್ದ ಸಂದೇಶವನ್ನು ಮುಟ್ಟಿದ. ಅದು ಧ್ವನಿಸಂದೇಶ. ಭೂಗೋಳದ ಮೇಷ್ಟ್ರ ಗಡಸು ಗಂಟಲು ಕೋಣೆಯ ತುಂಬ ಕೇಳಿತು:

"ಟೀಚರಮ್ಮಾ, ಸಂಜೆ ಆಯ್ತು. ಆ ಚಿಲಕದ ಹುಡುಗಿ ವಿಷಯ ಬರೆದುಕೊಟ್ರಾ ಇಲ್ವಾ? ಅವಳಪ್ಪ ಎಂಥ ಮೃಗ ಇರ್ಬೇಕು ರೀ, ಹೆಂಡತಿ ಬಚ್ಚಲಿಗೆ ಓಡಿದ್ರೂ ಬಿಡ್ದೆ ಭುಜ ಕೊಟ್ಟು ಬಾಗಿಲು ಒಡೀತಾನೆ ಅಂದ್ರೆ!"

ಮುಂದಿನ ಬೆಂಚಿನ ಹುಡುಗ ಕಿಸಕ್ಕನೆ ನಕ್ಕು, ಮೇಷ್ಟ್ರ ಮುಖ ನೋಡಿ ತಲೆ ತಗ್ಗಿಸಿದ. ಮೇಷ್ಟ್ರು ನಿಂತಲ್ಲೇ ಹಾಳೆಯನ್ನು ಹುಡುಕಿ ಪೂರ್ತಿ ಓದಿದ.

"ಇವತ್ತಿಗೆ ಸಾಕು, ಹೊರಡಿ," ಎಂದ.

"ಸಾರ್, ಇನ್ನೂ ಅರ್ಧ ಗಂಟೆ..."

"ಹೊರಡಿ ಅಂದೆ."

ಮಕ್ಕಳು ಚಪ್ಪಲಿ ಹುಡುಕುತ್ತಿದ್ದಾಗಲೇ ಅವನು ಹಲಗೆಯ ಪಕ್ಕದ ಮರದ ಅಳತೆಪಟ್ಟಿಯನ್ನು ತೆಗೆದುಕೊಂಡು ಒಳಗೆ ಬಂದ. ಒಂದು ಮೀಟರಿನದು, ಅಂಚಿಗೆ ತಗಡು ಹೊಡೆದದ್ದು.

ಅಡುಗೆಮನೆಯಲ್ಲಿ ಅತ್ತೆ ಬೇಳೆ ಆರಿಸುತ್ತಿದ್ದರು. ಚೂಟಿ ಈರುಳ್ಳಿ ಸುಲಿಯುತ್ತಿದ್ದಳು. ಟೀಚರ್ ಒಲೆಯ ಮುಂದೆ ಇದ್ದಳು.

"ಯಾರದ್ದು ಈ ಹಾಳೆ?"

ಅವಳು ಮೊಬೈಲನ್ನು ನೋಡಿದಳು. "ಕ್ಲಾಸಿನ ಒಬ್ಬಳು ಹುಡುಗೀದು."

"ಯಾವಳು?"

"ಹೆಸರು ಹೇಳೋ ಹಾಗಿಲ್ಲ."

ಅವನು ಮೊಬೈಲನ್ನು ಕಲ್ಲಿನ ಕಟ್ಟೆಗೆ ಅಪ್ಪಳಿಸಿದ. ಗಾಜು ಬೇಳೆಯ ಮೊರಕ್ಕೆ ಸಿಡಿಯಿತು. ಮೊದಲ ಏಟು ಅವಳ ಕಿವಿಗೆ ಬಿತ್ತು. ಎರಡನೆಯದನ್ನು ಅವಳು ಬಲಗೈಯಿಂದ ತಡೆದಳು. ಕಟ್ಟು ಹಾಕಿದ್ದ ಬೆರಳಿಗೇ ತಾಗಿತು, ಮರದ ಕಡ್ಡಿ ಎರಡು ತುಂಡಾಯಿತು. ಅವಳು ಬಾಗಿದಳು. ಮೂರನೆಯದು, ನಾಲ್ಕನೆಯದು ಬೆನ್ನಿಗೆ.

"ಇನ್ನೂರು ಜನರ ಮುಂದೆ ಮೃಗ ಅನ್ನಿಸಿದೀಯಾ! ನನ್ನ ಹುಡುಗರ ಮುಂದೆ! ಯಾರು ಬರೆದಿದ್ದು? ನೀನೇ ಬರೆಸಿದ್ದಾ?"

"ನಾನು ಬರ್ದಿದ್ದು," ಎಂದಳು ಚೂಟಿ. ಅವಳು ಎದ್ದು ನಿಂತಿದ್ದಳು. "ಅಮ್ಮನಿಗೆ ಗೊತ್ತಿರ್ಲಿಲ್ಲ. ಅದ್ರಲ್ಲಿ ತಪ್ಪೇನಾದ್ರೂ ಇದ್ರೆ ಹೇಳಿ ಅಪ್ಪ. ನಾನು ಅಳತೆ ಎಲ್ಲ ನೋಡೇ ಹಾಕಿದ್ದು."

ಅಳತೆಪಟ್ಟಿ ತಿರುಗಿತು. ಚೂಟಿಯ ಎಡ ಮುಂಗೈ ಮೇಲೆ ಒಂದು, ಅದೇ ಜಾಗದಲ್ಲಿ ಮತ್ತೊಂದು. ತಗಡಿನ ಅಂಚು ಹೊಕ್ಕಲ್ಲಿ ರಕ್ತ ಗೆರೆಯಾಗಿ ಎದ್ದಿತು. ಹುಡುಗಿ ಕೈಯನ್ನು ನೋಡಿಕೊಂಡಳೇ ಹೊರತು ಅಳಲಿಲ್ಲ.

ಅತ್ತೆಯ ಮಡಿಲಿನಿಂದ ಮೊರ ಜಾರಿ ಬಿತ್ತು.

ಟೀಚರ್ ಮಗಳನ್ನು ಸೊಂಟಕ್ಕೆ ಅವುಚಿ ಬಚ್ಚಲುಮನೆಗೆ ನುಗ್ಗಿ ಚಿಲಕ ಎಳೆದಳು. ಅವನು ಭುಜ ಕೊಟ್ಟ. ಒಂದು. ಎರಡು. ಚಿಲಕ ಅಲುಗಲಿಲ್ಲ. ಮೂರು, ನಾಲ್ಕು, ಐದು.

"ತಡ್ಕೊಳುತ್ತೆ ಅಮ್ಮ," ಎಂದಳು ಚೂಟಿ. "ಒಂಬತ್ತರವರೆಗೂ ತಡ್ಕೊಳುತ್ತೆ."

ಬಡಗಿ ಉದ್ದದ ಸ್ಕ್ರೂ ಹಾಕಿದ್ದು ಚಿಲಕದ ಕಡೆಗೆ ಮಾತ್ರ. ಬಾಗಿಲ ಇನ್ನೊಂದು ಮಗ್ಗುಲಿನ ಕೀಲುಗಳಲ್ಲಿ ಮನೆ ಕಟ್ಟಿದಾಗಿನ ಅರ್ಧ ಅಂಗುಲದವೇ ಇದ್ದವು. ಅದನ್ನು ಯಾರೂ ನೋಡಿರಲಿಲ್ಲ, ಚೂಟಿಯೂ ಅಳೆದಿರಲಿಲ್ಲ. ಆರನೆಯ ಸಲ ತಳ್ಳಿದಾಗ ಎರಡೂ ಕೀಲುಗಳು ಒಟ್ಟಿಗೆ ಕಿತ್ತುಬಂದವು. ಬಾಗಿಲು ಚಿಲಕದ ಕಡೆ ನೇತುಕೊಂಡು ಇಡಿಯಾಗಿ ಒಳಕ್ಕೆ ಹೊರಳಿ, ಗೋಡೆಗೆ ಒರಗಿ ನಿಂತಿದ್ದ ಹುಡುಗಿಯ ಭುಜದ ಮೇಲೆ ಬಿತ್ತು.

ಆಗ ಚೂಟಿ ಕೂಗಿದಳು.

ಅವನು ಮುರಿದ ಬಾಗಿಲ ಮೇಲೆ ಕಾಲಿಟ್ಟು ಅಳತೆಪಟ್ಟಿ ಎತ್ತಿದ. ನಲ್ಲಿಯ ಕೆಳಗೆ ಕಬ್ಬಿಣದ ಬಕೆಟ್ ಅರ್ಧ ತುಂಬಿತ್ತು. ಟೀಚರ್ ಎಡಗೈಯಿಂದ ಅದರ ಹಿಡಿ ಹಿಡಿದು, ನೀರಿನ ಸಮೇತ, ಸುತ್ತ ತಿರುಗಿ ಬೀಸಿದಳು. ಬಕೆಟ್ಟಿನ ತಳ ಅವನ ಮಂಡಿಚಿಪ್ಪಿಗೆ ಬಡಿಯಿತು. ಅವನು ಒದ್ದೆ ನೆಲದ ಮೇಲೆ ಕುಸಿದ. ಅವಳು ಮತ್ತೊಮ್ಮೆ ಎತ್ತಿದಳು. ಈ ಸಲ ಬಕೆಟ್ ಖಾಲಿಯಿತ್ತು, ಅವನ ತಲೆಯ ಮಟ್ಟಕ್ಕಿತ್ತು.

"ಬೇಡ," ಎಂದರು ಅತ್ತೆ ಬಾಗಿಲಲ್ಲಿ. ಇಪ್ಪತ್ತು ಹಾಸಿಗೆಯ ವಾರ್ಡಿಗೆ ಕೇಳಿಸುವಂಥ ಗಂಟಲು ಅದು. "ಬಕೆಟ್ ಇಳಿಸು. ಮಗು ಭುಜ ಹಿಡ್ಕೋ, ಅಲುಗಿಸ್ಬೇಡ. ನಾನು ಆಟೋ ಕರೀತೀನಿ."

ಅವನು ಮಂಡಿ ಒತ್ತಿಕೊಂಡು ನೆಲದ ಮೇಲೆ ಕೂತೇ ಇದ್ದ. ಬಾಗಿಲ ಕಡೆ ನೋಡಿ ಹೇಳಿದ: "ಇದನ್ನ ಯಾರು ರಿಪೇರಿ ಮಾಡಿಸ್ತಾರೆ ಈಗ?"

*

ಆಸ್ಪತ್ರೆಯ ತುರ್ತು ವಿಭಾಗದ ಮೇಜಿನಲ್ಲಿ ಇದ್ದವಳು ಅತ್ತೆಯ ಕೈಕೆಳಗೆ ಕೆಲಸ ಕಲಿತವಳು. "ಸಿಸ್ಟರ್! ನೀವಾ? ಅಯ್ಯೋ, ಮೊಮ್ಮಗಳಾ? ಏನಾಯ್ತು?"

"ಮೆಟ್ಟಿಲಿಂದ ಬಿದ್ಲು," ಎಂದರು ಅತ್ತೆ.

ಮಾತು ತಾನಾಗಿ ಬಂದಿತ್ತು. ಮೂವತ್ತೊಂದು ವರ್ಷ ಅದೇ ಮೇಜಿನಲ್ಲಿ ಕೂತು, ಅದೇ ಪುಸ್ತಕದಲ್ಲಿ, ಎಷ್ಟೋ ಹೆಂಗಸರ ಹೆಸರಿನ ಮುಂದೆ ಅವರು ಅದನ್ನೇ ಬರೆದಿದ್ದರು. ನರ್ಸ್ ಪೆನ್ನು ತೆಗೆದು ಬರೆಯತೊಡಗಿದಳು.

ಚೂಟಿ ಗಾಲಿಕುರ್ಚಿಯಲ್ಲಿ ಕೂತಿದ್ದಳು. ಕೊರಳೆಲುಬು ಮುರಿದಿತ್ತು, ಉಸಿರೆಳೆದರೆ ನೋಯುತ್ತಿತ್ತು. ಆದ್ದರಿಂದ ಸಣ್ಣಗೆ ಹೇಳಿದಳು: "ನಮ್ಮ ಮನೇಲಿ ಮೆಟ್ಟಿಲೇ ಇಲ್ಲ ಅಜ್ಜಿ."

ನರ್ಸಿನ ಪೆನ್ನು ನಿಂತಿತು. ಟೀಚರ್ ಅತ್ತೆಯ ಮುಖ ನೋಡಲಿಲ್ಲ. ಪುಸ್ತಕದ ಆ ಸಾಲನ್ನೇ ನೋಡುತ್ತಿದ್ದಳು.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ಅದನ್ನ ಹೊಡೆದು ಹಾಕಮ್ಮ," ಎಂದರು. "ಬರಿ. ಬಾಗಿಲು ಮುರಿದು ಮೇಲೆ ಬಿದ್ದದ್ದು. ಮುರಿದವನು ತಂದೆ. ಎಡ ಮುಂಗೈಗೆ ತಗಡಿನ ಅಂಚಿನ ಪಟ್ಟಿಯಿಂದ ಎರಡು ಏಟು. ಈಗ ತಾಯೀದು ಬರಿ. ಬಲಗಿವಿಗೆ ಒಂದು, ಬೆನ್ನಿಗೆ ಎರಡು. ಬಲಗೈ ಉಂಗುರದ ಬೆರಳು, ಹೊಸದು ಅಲ್ಲ, ಹದಿನೇಳು ದಿನದ್ದು. ಕಟ್ಟು ಹಾಕಿ ಮನೇಲೇ ಇಟ್ಕೊಂಡವಳು ನಾನು. ಅದನ್ನೂ ಬರಿ."

"ಸಿಸ್ಟರ್, ಅದು ಬೇಡ..."

"ಬರಿ ಅಂದೆ."

*

ಶನಿವಾರ ಅರ್ಧ ದಿನದ ಶಾಲೆ. ಟೀಚರ್ ಒಂಬತ್ತೂವರೆಗೆ ಹೆಡ್‌ಮೇಡಂ ಎದುರು ಕೂತಳು. ಬಲಗೈಗೆ ಮೊಣಕೈವರೆಗೆ ಪ್ಲಾಸ್ಟರ್ ಇತ್ತು. ಕಿವಿಯ ಹತ್ತಿರ ನಾಲ್ಕು ಹೊಲಿಗೆ.

ಹೆಡ್‌ಮೇಡಂ ಪ್ರಬಂಧವನ್ನು ಎರಡು ಸಲ ಓದಿದರು. "ಇದು ಇಲ್ಲಿಂದ ಹೊರಗೆ ಹೋದ್ರೆ ನಾನು ವಾಪಸ್ ತರೋಕಾಗಲ್ಲ. ಯೋಚನೆ ಮಾಡಿದೀಯಾ? ನೀನು ಹೊಡೆದದ್ದೂ ಅವನು ಹೇಳ್ತಾನೆ. ಮಂಡಿಚಿಪ್ಪು ಒಡೆದಿದೆಯಂತೆ."

"ಹೇಳ್ಲಿ ಮೇಡಂ. ಅದನ್ನೂ ಬರೆದಿದೀನಿ. ಎರಡನೇ ಪುಟದಲ್ಲಿದೆ."

ಗುಮಾಸ್ತ ಫಾರಂ ತಿರುವಿ ನೋಡಿದ. ವರದಿ ಮಾಡಿದ ಶಿಕ್ಷಕರ ಸಹಿ, ವಿಷಯ ತಿಳಿಸಲಾದ ಪೋಷಕರ ಸಹಿ ಎಂದು ಎರಡು ಗೆರೆಗಳಿದ್ದವು. ಎರಡರ ಮೇಲೂ ಎಡಗೈಯ ಒಂದೇ ವಕ್ರ ಬರಹವಿತ್ತು.

"ಇದು ನಡೆಯಲ್ಲ ಟೀಚರ್. ಎರಡಕ್ಕೂ ಒಬ್ಬರೇ ಹಾಕಿದ ಹಾಗಿದೆ."

"ಒಬ್ಬಳೇ ಹಾಕಿದ್ದು. ಎರಡೂ ನಾನೇ."

ಅವನು ಹೆಡ್‌ಮೇಡಂ ಕಡೆ ನೋಡಿದ. ಅವರು ತಲೆಯಾಡಿಸಿದರು. "ಸಾಕ್ಷಿ ಬೇಕು," ಎಂದ ಗುಮಾಸ್ತ ತಗ್ಗಿದ ದನಿಯಲ್ಲಿ. "ಕಣ್ಣಾರೆ ಕಂಡವರು."

"ಬರ್ತಿದಾರೆ."

ಕಾಯುವಾಗ ಟೀಚರ್ ಡ್ರಾಯಿಂಗ್ ಟೀಚರಿನ ಮೊಬೈಲು ಕೇಳಿ ಪಡೆದಳು. ಅವಳೂ ಗುಂಪಿನಲ್ಲಿದ್ದಳು. ಟೀಚರ್ ಒಂದೊಂದೇ ಅಕ್ಷರ ಒತ್ತಿದಳು: 'ಇದು ಭಾಷೆ ಟೀಚರ್. ನನ್ನ ಮೊಬೈಲು ಒಡೆದಿದೆ. ಏಳನೆಯ ಹಾಳೆಯ ವಿಷಯ ಬರೆದುಕೊಟ್ಟಿದ್ದೇನೆ. ಗಡುವಿಗಿಂತ ಒಂದು ದಿನ ತಡ. ಆ ಒಂದು ದಿನದಲ್ಲಿ ಮಗುವಿಗೆ ಪೆಟ್ಟಾಗಿದೆ. ತಪ್ಪು ನನ್ನದು. ಇನ್ನು ಮೇಲೆ ಆರನೆಯ ನಿಯಮದಲ್ಲಿ ಮಾರನೆಯ ದಿನ ಬೇಡ, ಅದೇ ದಿನ ಎಂದು ತಿದ್ದಬೇಕು.'

ಎರಡು ನಿಮಿಷಕ್ಕೆ ಭೂಗೋಳದ ಮೇಷ್ಟ್ರ ಧ್ವನಿ ಬಂತು. ಯಾವತ್ತಿನ ಗಡಸು ಇರಲಿಲ್ಲ. "ತಿದ್ದೋಣ. ಮಗು ಯಾರ ಹತ್ರ ಇದೆ ಟೀಚರಮ್ಮಾ?"

'ಅಮ್ಮನ ಹತ್ತಿರ' ಎಂದು ಅವಳು ಒತ್ತಿ ಮೊಬೈಲು ಹಿಂತಿರುಗಿಸಿದಳು.

ಹತ್ತೂಕಾಲಿಗೆ ಅತ್ತೆ ಬಂದರು. ಆಸ್ಪತ್ರೆಯಿಂದ ಬಿಡಿಸಿಕೊಂಡ ಚೂಟಿ ಅವರ ಕೈ ಹಿಡಿದಿದ್ದಳು. ಭುಜಕ್ಕೆ ಪಟ್ಟಿ ಕಟ್ಟಿತ್ತು. ಅವಳು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಅಮ್ಮನನ್ನು ಕೇಳಿದಳು: "ಹದಿನೆಂಟೇ ಕೊಟ್ಟಿದ್ದಾ?"

"ಮುಕ್ತಾಯ ಇರ್ಲಿಲ್ವಂತೆ."

"ಹೂಂ. ಬಾಗಿಲಿನ ಇನ್ನೊಂದು ಕಡೆ ನೋಡ್ಬೇಕಿತ್ತು ನಾನು."

"ಅದು ನಿನ್ನ ಕೆಲಸ ಅಲ್ಲ," ಎಂದಳು ಟೀಚರ್.

ಗುಮಾಸ್ತ ಅತ್ತೆಗೆ ಕುರ್ಚಿ ಎಳೆದು ಕೊಟ್ಟ. ಅವರು ಫಾರಂ ಅನ್ನು ದೂರ ಹಿಡಿದು ಪೂರ್ತಿ ಓದಿದರು. ಒಂದು ಕಡೆ 'ಮೂರು ಏಟು' ಎಂದಿದ್ದುದನ್ನು 'ನಾಲ್ಕು' ಮಾಡಿಸಿದರು. "ಕೈ ಮೇಲೆ ಬಿದ್ದದ್ದನ್ನ ಬಿಟ್ಟಿದೀಯಾ," ಎಂದರು ಸೊಸೆಗೆ.

"ಸಾಕ್ಷಿಯ ಹೆಸರು ಇಲ್ಲಿ," ಎಂದು ಗುಮಾಸ್ತ ಬೆರಳಿಟ್ಟು ತೋರಿಸಿದ. "ವಯಸ್ಸು ಇಲ್ಲಿ. ಸಹಿ ಕೆಳಗೆ."

ಅತ್ತೆ ಬರೆದರು. ನರ್ಸಿನ ದುಂಡು ಅಕ್ಷರ.

"ಇನ್ನೊಂದು ಬಾಕಿ ಇದೆ ಅಮ್ಮ. ಈ ಖಾಲಿ ಜಾಗ. ಹೊಡೆದವರಿಗೆ ನೀವೇನಾಗ್ಬೇಕು ಅಂತ."

ಮುಂದಿನ ಗಂಟೆ ಹೊಡೆಯಿತು. ಹೊರಗೆ ಮಕ್ಕಳು ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಿದ ಸದ್ದು ಬಂದು ನಿಂತಿತು. ಅತ್ತೆ ಕಾಗದವನ್ನು ನೇರ ಮಾಡಿಕೊಂಡು 'ತಾಯಿ' ಎಂದು ಬರೆದು, ಪಕ್ಕದಲ್ಲಿ ತಾರೀಖು ಹಾಕಿದರು.